ಲಿವರ್ ವಾರ್ಡಿನಲ್ಲಿ ಫಂಗಸ್: ಇಂಗ್ಲೆಂಡಿಗೆ ಬಂದ ಮಂಡ್ಯ, ಮೈಸೂರಿನವರಿಗೆ

ಮಂಡ್ಯದಲ್ಲೋ ಮೈಸೂರಿನಲ್ಲೋ ಮನೆಯವರು ಐಸಿಯುನಲ್ಲಿದ್ದರೆ ಚೀಟಿ ಹಿಡಿದು ಮೆಡಿಕಲ್ಸ್‌ಗೆ ಓಡುತ್ತೇವೆ. ಯಾವ ಇಂಜೆಕ್ಷನ್ ನಡೀತಿದೆ ಅಂತ ಹಾಗೇ ಗೊತ್ತಾಗಿಬಿಡುತ್ತದೆ. ಇಂಗ್ಲೆಂಡಿನಲ್ಲಿ ಈ ಚೀಟಿ ಇಲ್ಲ, ಔಷಧಿ ನೇರ ವಾರ್ಡಿಗೇ ಬರುತ್ತದೆ. ಆರಾಮವೇನೋ ಹೌದು, ಆದರೆ ನಾವಾಗಿ ಕೇಳದಿದ್ದರೆ ಎಷ್ಟೋ ಸಂಗತಿ ತಿಳಿಯುವುದೇ ಇಲ್ಲ.

ಲಿವರ್ ತೀರಾ ಸೋತವರ ವಿಷಯದಲ್ಲಿ ಫಂಗಸ್ ಬಗ್ಗೆ ಕೇಳಲೇಬೇಕು. ಅವರಿಗೆ ಸೋಂಕು ತಡೆಯುವ ಶಕ್ತಿ ಕುಗ್ಗಿರುತ್ತದೆ. ಅದರ ಮೇಲೆ ದಿನಗಟ್ಟಲೆ ಆಂಟಿಬಯೋಟಿಕ್, ಕುತ್ತಿಗೆಯ ನರಕ್ಕೆ ಹಾಕಿದ ಲೈನ್ (ಔಷಧಿ ಹೋಗುವ ಕೊಳವೆ), ಡಯಾಲಿಸಿಸ್, ಕೆಲವರಿಗೆ ಸ್ಟೀರಾಯ್ಡ್. ಕ್ಯಾಂಡಿಡಾ ಅನ್ನುವ ಫಂಗಸ್ ನಮ್ಮ ಕರುಳಿನಲ್ಲೇ ಇರುವಂಥದ್ದು. ಆಂಟಿಬಯೋಟಿಕ್‌ನಿಂದ ಬ್ಯಾಕ್ಟೀರಿಯಾ ಸತ್ತರೆ ಅದಕ್ಕೆ ಜಾಗ ಸಿಕ್ಕಿ ಜಾಸ್ತಿಯಾಗುತ್ತದೆ, ರಕ್ತಕ್ಕೂ ಸೇರಬಹುದು. ಆಸ್ಪರ್ಜಿಲ್ಲಸ್ ಅನ್ನುವ ಇನ್ನೊಂದು ಫಂಗಸ್ ಗಾಳಿಯಲ್ಲಿ ಬಂದು ಶ್ವಾಸಕೋಶ ಹಿಡಿಯುತ್ತದೆ. ನಮ್ಮೂರ ತಿಪ್ಪೆಯಲ್ಲಿ, ಒದ್ದೆ ಹುಲ್ಲಿನ ಬೂಷ್ಟಿನಲ್ಲಿ ಇದೂ ಇರುತ್ತದೆ. ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಅಷ್ಟೇ.

ಕಷ್ಟ ಏನೆಂದರೆ, ಜ್ವರ ಬರದೆಯೂ ಇರಬಹುದು. ಒಳಗೆ ಹಬ್ಬಿದ ಕ್ಯಾಂಡಿಡಾ ಸುಮಾರು ಅರ್ಧದಷ್ಟು ಸಲ ಬ್ಲಡ್ ಕಲ್ಚರಿನಲ್ಲಿ (ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಸಿಕ್ಕುವುದೇ ಇಲ್ಲ. ಅದಕ್ಕೇ ಬೀಟಾ-ಡಿ-ಗ್ಲುಕನ್, ಗ್ಯಾಲಕ್ಟೋಮ್ಯಾನನ್ ಅನ್ನುವ ಪರೀಕ್ಷೆಗಳೂ ಇವೆ. ಆಂಟಿಬಯೋಟಿಕ್ ಕೊಟ್ಟರೂ ಚೇತರಿಕೆ ಕಾಣದಿದ್ದರೆ, ಕನ್ಸಲ್ಟೆಂಟ್ (ಹಿರಿಯ ತಜ್ಞ ಡಾಕ್ಟರು) ರೌಂಡ್ಸ್‌ಗೆ ಬಂದಾಗ ಕೇಳಿ: ಫಂಗಸ್‌ಗೆ ಪರೀಕ್ಷೆ ಮಾಡಿದ್ರಾ? ಮೈಕ್ರೋಬಯಾಲಜಿಯವರು ಏನಂದ್ರು? ರೋಗಾಣುಗಳ ತಜ್ಞರಾದ ಆ ಮೈಕ್ರೋಬಯಾಲಜಿ ಡಾಕ್ಟರು ನಿಮ್ಮ ಕಣ್ಣಿಗೇ ಬೀಳದಿರಬಹುದು. ಫೋನಿನಲ್ಲೇ ಸಲಹೆ ಕೊಡುವುದು ಇಲ್ಲಿ ಮಾಮೂಲು.

ಕ್ಯಾಂಡಿಡಾಗೆ ಸಾಮಾನ್ಯವಾಗಿ ಮೊದಲು ಕೊಡುವುದು ಕ್ಯಾಸ್ಪೋಫಂಜಿನ್, ಅನಿಡ್ಯುಲಾಫಂಜಿನ್‌ನಂಥ ಡ್ರಿಪ್. ಲಿವರ್‌ಗೆ ಇವು ಅಷ್ಟು ಭಾರವಲ್ಲ. ಆಸ್ಪರ್ಜಿಲ್ಲಸ್‌ಗೆ ಕೊಡುವ ವೊರಿಕೋನಜೋಲ್ ಲಿವರ್‌ಗೇ ಪೆಟ್ಟು ಕೊಡಬಲ್ಲದು, ಹಾಗಾಗಿ ರಕ್ತದಲ್ಲಿ ಅದರ ಮಟ್ಟ ನೋಡುತ್ತಾ ಇರುತ್ತಾರೆ. ಆಂಫೋಟೆರಿಸಿನ್ ಅನ್ನುವ ಇನ್ನೊಂದು ಫಂಗಸ್ ಔಷಧಿ ಕೊಟ್ಟರೆ ಕಿಡ್ನಿ ಮೇಲೆ ಕಣ್ಣಿಡಬೇಕು.

ಊರಿನಲ್ಲಿ ಕಾಮಾಲೆಗೆ ನಾಟಿ ಔಷಧಿ ಕುಡಿಸಿದ್ದರೆ ಮುಚ್ಚಿಡಬೇಡಿ. ನಮ್ಮ ಹಿರಿಯರೋ, ಏನು ಕೇಳಿದರೂ "ಏನಿಲ್ಲ ಕನವ್ವ, ಚೆನ್ನಾಗಿವ್ನಿ" ಅನ್ನುವವರು! ಕನ್ನಡ ದುಭಾಷಿ ಬೇಕೆಂದು ನರ್ಸ್‌ಗೆ ಹೇಳಿ, ಅದಕ್ಕೆ ನೀವು ದುಡ್ಡು ಕೊಡಬೇಕಿಲ್ಲ. ಸಹಿಯ ರೂಢಿಯೂ ಬೇರೆ. ಅಪ್ಪನ ಚಿಕಿತ್ಸೆಗೆ ಒಪ್ಪಿಗೆ ಅಪ್ಪನದೇ. ಲಿವರ್ ಸೋತು ಬುದ್ಧಿ ಮಂಕಾಗಿದ್ದರೆ, 2005ರ ಮೆಂಟಲ್ ಕೆಪ್ಯಾಸಿಟಿ ಕಾನೂನಿನ ಪ್ರಕಾರ ಡಾಕ್ಟರು ಅವರ ಹಿತ ನೋಡಿ ತೀರ್ಮಾನಿಸುತ್ತಾರೆ, ನಿಮ್ಮನ್ನೂ ಕೇಳುತ್ತಾರೆ. ಮಗ ಸಹಿ ಹಾಕಿದರೆ ಆಯಿತು ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಇನ್ನು ಬಿಲ್ಲು. ವಿಸಿಟರ್ ವೀಸಾದಲ್ಲಿ ಬಂದವರಿಗೆ ಎಮರ್ಜೆನ್ಸಿ ವಿಭಾಗ ಉಚಿತ. ಅಡ್ಮಿಟ್ ಆದ ಮೇಲೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ದರದ 150% ಕಟ್ಟಬೇಕು. ಪ್ರಾಣಕ್ಕೆ ಕುತ್ತಿದ್ದರೆ ದುಡ್ಡಿಲ್ಲವೆಂದು ಚಿಕಿತ್ಸೆ ನಿಲ್ಲಿಸುವುದಿಲ್ಲ, ಬಿಲ್ಲು ಆಮೇಲೆ ಬರುತ್ತದೆ. ಊರಿನಿಂದ ಕರೆಸುವಾಗಲೇ ವಿಮೆ ಮಾಡಿಸಿ, ಹಳೆಯ ಲಿವರ್ ತೊಂದರೆ ಇದ್ದರೆ ಫಾರಂನಲ್ಲಿ ಬರೆಯಿರಿ. ಬರೆಯದೆ ಬಿಟ್ಟರೆ ಕ್ಲೇಮ್ ತಳ್ಳಿಹಾಕಲು ವಿಮೆ ಕಂಪನಿಯವರಿಗೆ ಅದೊಂದೇ ಸಾಕು.