ಕೋಳಿಮೊಟ್ಟೆಯಲ್ಲಿ ರಕ್ತ ಹುಟ್ಟುವುದನ್ನು ಕಣ್ಣಾರೆ ನೋಡುವ ಕ್ರಮ

ಹಕ್ಕಿಗಳಲ್ಲಿಯೂ ಸಸ್ತನಿಗಳಲ್ಲಿಯೂ ಮೊದಲ ರಕ್ತಕಣಗಳು ಭ್ರೂಣದ ಮೈಯೊಳಗೆ ಹುಟ್ಟುವುದಿಲ್ಲ. ಮೈಯ ಹೊರಗೆ, ಹಳದಿ ಚೀಲದ ಪೊರೆಯಲ್ಲಿ, ಹೃದಯ ಇನ್ನೂ ಮಿಡಿಯುವುದಕ್ಕೆ ಮುಂಚೆಯೇ ಹುಟ್ಟುತ್ತವೆ. ಓದಿ ಒಪ್ಪಿಕೊಳ್ಳುವುದಕ್ಕಿಂತ ನೋಡಿ ತಿಳಿಯುವುದು ಮೇಲು. ಅದಕ್ಕೆ ಫಲಿತ ಕೋಳಿಮೊಟ್ಟೆ, ಕಾವುಪೆಟ್ಟಿಗೆ ಮತ್ತು 10ರಿಂದ 40 ಪಟ್ಟು ಹಿಗ್ಗಿಸಿ ತೋರಿಸುವ ಸ್ಟೀರಿಯೋ ಸೂಕ್ಷ್ಮದರ್ಶಕ ಇದ್ದರೆ ಬಹುಪಾಲು ಸಾಕು.

ತಿನ್ನಲು ಮಾರುವ ಮೊಟ್ಟೆಗಳು ಸಾಮಾನ್ಯವಾಗಿ ಫಲಿತವಾಗಿರುವುದಿಲ್ಲವಾದ್ದರಿಂದ, ಹುಂಜವಿರುವ ಹಿಂಡಿನಿಂದಲೇ ಮೊಟ್ಟೆ ತರಬೇಕು. ಅವು ಒಂದು ವಾರಕ್ಕಿಂತ ಹಳೆಯವಾಗಿರಬಾರದು. ಕಾವುಪೆಟ್ಟಿಗೆಯನ್ನು 38 ಡಿಗ್ರಿ ಸೆಲ್ಸಿಯಸ್‌ಗೆ ಇರಿಸಿ, ತೇವಕ್ಕಾಗಿ ಒಳಗೆ ಒಂದು ತಟ್ಟೆ ನೀರಿಡಿ. ಮೊಟ್ಟೆಯನ್ನು ಅಡ್ಡಲಾಗಿ ಮಲಗಿಸಿ, ಮೇಲುಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಮತ್ತೆ ಹೊರಳಿಸಬೇಡಿ. ಭ್ರೂಣವಿರುವ ಬಿಲ್ಲೆ ತಾನಾಗಿಯೇ ಮೇಲಕ್ಕೆ ಬಂದು ಆ ಗುರುತಿನ ಕೆಳಗೆ ನಿಲ್ಲುತ್ತದೆ. ನೋಡುವ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆ 72 ಗಂಟೆ, 48 ಗಂಟೆ ಮತ್ತು 28 ಗಂಟೆ ಮುಂಚಿತವಾಗಿ ಮೂರು ಕಂತುಗಳಲ್ಲಿ ಮೊಟ್ಟೆಯಿಟ್ಟರೆ ಎಲ್ಲ ಹಂತಗಳೂ ಒಂದೇ ಬಾರಿಗೆ ಸಿಗುತ್ತವೆ.

ಕೈ ಪಳಗಬೇಕಾದದ್ದು 28 ಗಂಟೆಯ ಮೊಟ್ಟೆಗೆ. ಬೆಚ್ಚಗಿನ ಲವಣದ್ರಾವಣದ ಬೋಗುಣಿಯಲ್ಲಿ ಅದನ್ನು ಒಡೆದು, ನಡುವೆ ಸುಮಾರು ಒಂದೂವರೆ ಸೆಂಟಿಮೀಟರ್ ತೂತಿರುವ ಫಿಲ್ಟರ್ ಕಾಗದದ ಉಂಗುರವನ್ನು, ಭ್ರೂಣ ತೂತಿನ ಮಧ್ಯಕ್ಕೆ ಬರುವಂತೆ, ಹಳದಿಯ ಮೇಲೆ ಹಾಸಬೇಕು. ಕಾಗದ ಪೊರೆಗೆ ಅಂಟಿಕೊಂಡ ಮೇಲೆ ಅದರ ಹೊರ ಅಂಚಿನ ಸುತ್ತ ಚೂಪು ಕತ್ತರಿಯಿಂದ ಪೊರೆಯನ್ನು ಕತ್ತರಿಸಿ, ಚಿಮಟದಿಂದ ಓರೆಯಾಗಿ ಎತ್ತಿ, ಪೆಟ್ರಿ ತಟ್ಟೆಯ ದ್ರಾವಣದಲ್ಲಿ ಮೆಲ್ಲಗೆ ಅಲ್ಲಾಡಿಸಿದರೆ ಅಂಟಿದ ಹಳದಿ ಕಳಚಿಹೋಗುತ್ತದೆ. ಮೊದಲ ಎರಡು ಮೂರು ಮೊಟ್ಟೆಗಳು ಹಾಳಾಗುವುದು ಸಹಜ, ಆದ್ದರಿಂದ ಹೆಚ್ಚುವರಿ ಇಟ್ಟುಕೊಂಡಿರಿ.

ಕೆಳಗಿನಿಂದ ಬೆಳಕು ಬಿಟ್ಟು ನೋಡಿದಾಗ ನಡುವೆ ತಿಳಿಯಾದ ಪ್ರದೇಶ, ಅದರಲ್ಲಿ ನಾಲ್ಕೈದು ಜೊತೆ ಸೋಮೈಟ್‌ಗಳುಳ್ಳ (ಬೆನ್ನಿನ ನಡುಗೆರೆಯ ಎರಡೂ ಬದಿಗೆ ಸಾಲಾಗಿ ಮೂಡುವ ಕೋಶಗಳ ತುಂಡುಗಳು) ಭ್ರೂಣ, ಅದರ ಸುತ್ತ ಮಬ್ಬು ಪ್ರದೇಶ ಕಾಣುತ್ತದೆ. ಕಣ್ಣನ್ನು ಭ್ರೂಣದಿಂದ ತೆಗೆದು ಮಬ್ಬು ಪ್ರದೇಶದ ಹಿಂಬದಿಗೆ ಸರಿಸಿ. ಅಲ್ಲಿ ಲಾಳದಾಕಾರದ ಪಟ್ಟಿಯೊಂದರಲ್ಲಿ ಒತ್ತೊತ್ತಾಗಿ ಬಿದ್ದಿರುವ ಕಪ್ಪು ಕಲೆಗಳೇ ರಕ್ತದ್ವೀಪಗಳು. ಅವು ಇನ್ನೂ ಕೆಂಪಾಗಿರುವುದಿಲ್ಲ. ಹಿಮೋಗ್ಲೋಬಿನ್ ತುಂಬುತ್ತ ಹೋದಂತೆ ಮೊದಲು ಹಳದಿಗೆಂಪಿನ ಛಾಯೆ ಬರುತ್ತದೆ. ಕೆಂಪನ್ನೇ ಹುಡುಕುವವರು ಇಲ್ಲಿ ಏನೂ ಇಲ್ಲವೆಂದು ತಟ್ಟೆಯನ್ನು ಪಕ್ಕಕ್ಕಿಡುವುದುಂಟು.

ಅಮೆರಿಕದ ಅಂಗರಚನಾ ವಿಜ್ಞಾನಿ ಫ್ಲಾರೆನ್ಸ್ ಸೇಬಿನ್ ಕಾವಿನ ಎರಡನೆಯ ದಿನದ ಜೀವಂತ ಬಿಲ್ಲೆಗಳಲ್ಲಿ ಇದನ್ನೇ ನೋಡಿ 1920ರಲ್ಲಿ ಪ್ರಕಟಿಸಿದರು: ಮಧ್ಯಸ್ತರದ (ಭ್ರೂಣದ ಮೂರು ಪದರಗಳಲ್ಲಿ ನಡುವಿನದರ) ಕೋಶಗಳು ಗುಂಪುಗೂಡುತ್ತವೆ, ಅಂಚಿನವು ರಕ್ತನಾಳದ ಒಳಗೋಡೆಯಾಗುತ್ತವೆ, ಒಳಗಿನವು ರಕ್ತಕಣಗಳಾಗುತ್ತವೆ. ಎರಡಕ್ಕೂ ಮೂಲಕೋಶ ಒಂದೇ ಎಂಬ ವಿಚಾರ ಬೆಳೆದದ್ದು ಇಂಥ ನೋಟದಿಂದಲೇ. ಆದರೆ ಒಂದು ದ್ವೀಪವೆಂದರೆ ಒಂದೇ ಕೋಶದ ಸಂತಾನವೆಂದು ತಿಳಿಯಬಾರದು. ಇಲಿಯ ಭ್ರೂಣದ ಕೋಶಗಳಿಗೆ ಬೇರೆಬೇರೆ ಬಣ್ಣದ ಗುರುತು ಕೊಟ್ಟು ನೋಡಿದಾಗ ಒಂದೊಂದು ದ್ವೀಪದಲ್ಲಿಯೂ ಹಲವು ಕೋಶಗಳ ಸಂತಾನ ಬೆರೆತಿರುವುದು ಕಂಡಿದೆ.

48 ಗಂಟೆಯ ಮೊಟ್ಟೆಯ ಕೆಲಸ ಸುಲಭ. ಸಿರಿಂಜಿನಿಂದ ಮೂರು ನಾಲ್ಕು ಮಿಲಿಲೀಟರ್ ಬಿಳಿಲೋಳೆಯನ್ನು ಹೊರಗೆಳೆದು, ಚಿಪ್ಪಿನಲ್ಲಿ ಕಿಂಡಿ ತೆರೆದು ನೋಡಿದರೆ ಸಾಕು. ದ್ವೀಪಗಳು ಒಂದಕ್ಕೊಂದು ಕೂಡಿ ಬಲೆಯಾಗಿರುತ್ತವೆ, ಹೃದಯ ಮಿಡಿಯುತ್ತಿರುತ್ತದೆ, ಅಲ್ಲಿಯವರೆಗೆ ಇದ್ದಲ್ಲೇ ಇದ್ದ ಕಣಗಳು ಹರಿಯತೊಡಗಿರುತ್ತವೆ. ತಣಿದರೆ ಮಿಡಿತ ನಿಧಾನವಾಗುವುದರಿಂದ ಬೆಚ್ಚಗಿನ ದ್ರಾವಣದ ಹನಿಗಳನ್ನು ಆಗಾಗ ಬಿಡುತ್ತಿರಿ.

72 ಗಂಟೆಯ ಮೊಟ್ಟೆಯಿಂದ, ಹಳದಿಯ ಮೇಲಿನ ಒಂದು ನಾಳವನ್ನು ಗಾಜಿನ ಸೂಜಿಯಿಂದ ಚುಚ್ಚಿ, ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ರಕ್ತಕೋಶಗಳನ್ನು ಎದ್ದು ಕಾಣಿಸುವ ಗೀಮ್ಸಾ ಬಣ್ಣ ಹಾಕಿ. ದೊಡ್ಡ, ದುಂಡನೆಯ, ಕೋಶಕೇಂದ್ರವುಳ್ಳ ಆದಿಮ ಕೆಂಪುಕಣಗಳು ಕಾಣುತ್ತವೆ. ಹಕ್ಕಿಯ ಪ್ರೌಢ ಕೆಂಪುಕಣದಲ್ಲಿಯೂ ಕೋಶಕೇಂದ್ರವಿರುವುದರಿಂದ ಇಲ್ಲಿ ಅದು ವ್ಯತ್ಯಾಸದ ಗುರುತಲ್ಲ; ಆಕಾರವನ್ನು ಗಮನಿಸಬೇಕು, ಏಕೆಂದರೆ ಪ್ರೌಢ ಕಣ ಅಂಡಾಕಾರದ್ದು.

ಇಷ್ಟು ನೋಡಿದವರು ಬದುಕಿಡೀ ರಕ್ತ ಕೊಡುವ ಕಾಂಡಕೋಶಗಳೂ ಈ ದ್ವೀಪಗಳಿಂದಲೇ ಬಂದಿರಬೇಕೆಂದು ಊಹಿಸುತ್ತಾರೆ. ಬಹುಕಾಲ ವಿಜ್ಞಾನಿಗಳಲ್ಲಿಯೂ ಹಲವರು ಹಾಗೆಯೇ ಊಹಿಸಿದ್ದರು. ಇದನ್ನು ಪರೀಕ್ಷಿಸಲು ಫ್ರೆಂಚ್ ಜೀವವಿಜ್ಞಾನಿ ಫ್ರಾನ್ಸ್ವಾಸ್ ಡಿಯೆಟರ್ಲೆನ್-ಲಿಯೆವ್ರ್ ಕ್ವೇಲ್ ಹಕ್ಕಿಯ ಭ್ರೂಣವನ್ನು ಕೋಳಿಯ ಹಳದಿ ಚೀಲದ ಮೇಲೆ ಕಸಿಮಾಡಿದರು. ಕ್ವೇಲ್ ಕೋಶವನ್ನು ಅದರ ಕೋಶಕೇಂದ್ರದ ಗಟ್ಟಿ ಬೊಟ್ಟಿನಿಂದಲೇ ಗುರುತಿಸಬಹುದು. ಹೀಗೆ ಬೆಳೆದ ಭ್ರೂಣದ ಥೈಮಸ್ (ರೋಗನಿರೋಧಕ ಕೋಶಗಳು ಬೆಳೆಯುವ ಗ್ರಂಥಿ) ಮತ್ತು ಗುಲ್ಮದ (ಸ್ಪ್ಲೀನ್) ರಕ್ತಕೋಶಗಳು ಕ್ವೇಲ್‌ನವೇ ಎಂದು 1975ರಲ್ಲಿ ಪ್ರಕಟವಾದಾಗ, ಶಾಶ್ವತ ರಕ್ತದ ಮೂಲ ಭ್ರೂಣದ ಮೈಯೊಳಗೇ ಇದೆಯೆಂಬುದು ಖಚಿತವಾಯಿತು.

ಆ ಮೂಲವನ್ನು ಕಿಂಡಿಯಿಂದ ನೋಡಲಾಗದು. ಮೂರರಿಂದ ನಾಲ್ಕು ದಿನದ ಭ್ರೂಣವನ್ನು 4 ಶೇಕಡಾ ಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ, ಮೇಣದಲ್ಲಿ ಹುದುಗಿಸಿ, ಮುಂಡದ ಅಡ್ಡಸೀಳುಗಳನ್ನು ತೆಗೆಯಬೇಕು. ಮಹಾಪಧಮನಿಯ ತಳಗೋಡೆಯಲ್ಲಿ, ಅಂದರೆ ಹೊಟ್ಟೆಯ ಕಡೆಗಿನ ಗೋಡೆಯಲ್ಲಿ, ದುಂಡು ಕೋಶಗಳ ಸಣ್ಣ ಗೊಂಚಲುಗಳು ನಾಳದೊಳಕ್ಕೆ ಚಾಚಿಕೊಂಡಿರುತ್ತವೆ; ಎಲ್ಲ ಸೀಳುಗಳಲ್ಲಿಯೂ ಅವು ಸಿಗುವುದಿಲ್ಲವಾದ್ದರಿಂದ ಸಾಲಾಗಿ ಹುಡುಕಬೇಕು. ಗೋಡೆಯ ಚಪ್ಪಟೆ ಕೋಶವೇ ಬಾಗಿ, ದುಂಡಾಗಿ, ಕಳಚಿಕೊಂಡು ರಕ್ತಕೋಶವಾಗುವುದನ್ನು 2010ರಲ್ಲಿ ಪಾರದರ್ಶಕ ಜೀಬ್ರಾಮೀನಿನ ಭ್ರೂಣದಲ್ಲಿ ಜೀವಂತವಾಗಿಯೇ ಚಿತ್ರೀಕರಿಸಲಾಯಿತು. ಈ ಮಾರ್ಪಾಟಿಗೆ ರನ್ಎಕ್ಸ್1 ಎಂಬ ಜೀನ್ ಬೇಕು. ಮನುಷ್ಯ ಭ್ರೂಣದಲ್ಲಿ ಇಂಥ ಗೊಂಚಲುಗಳು ಸುಮಾರು 27ನೆಯ ದಿನ ಕಾಣಿಸಿಕೊಳ್ಳುತ್ತವೆ. ಅನಂತರ ರಕ್ತೋತ್ಪತ್ತಿಯ ಕೆಲಸ ಯಕೃತ್ತಿಗೆ, ಆಮೇಲೆ ಅಸ್ಥಿಮಜ್ಜೆಗೆ ಸಾಗುತ್ತದೆ. ಸಸ್ತನಿಗಳ ಈ ಕ್ರಮವನ್ನು ನೆಚ್ಚಿ ಕೋಳಿಭ್ರೂಣದ ಯಕೃತ್ತಿನಲ್ಲಿ ಹುಡುಕಲು ಹೋಗಬೇಡಿ. ಹಕ್ಕಿಗಳಲ್ಲಿ ಅದು ರಕ್ತೋತ್ಪತ್ತಿಯ ಮುಖ್ಯ ನೆಲೆಯಲ್ಲ.