ಎರೆಹೊಲದ ಮಟ್ಟ, ಚಂದ್ರನ ಬಯಲು: ಸಮತಟ್ಟನ್ನು ನಾನು ಪರೀಕ್ಷಿಸುವ ಬಗೆ

ಸಿಂಧನೂರು ಮತ್ತು ಕಾರಟಗಿ ಭಾಗದಲ್ಲಿ ಎರೆಹೊಲವನ್ನು ಭತ್ತದ ಗದ್ದೆಯಾಗಿ ಮಟ್ಟ ಮಾಡಿಸುವ ರೈತರಿಗೆ ಮೊದಲು ಲೆವೆಲ್ ನೋಡಿಕೊಡುವುದು ನನ್ನ ಕಸುಬು. ತುಂಗಭದ್ರಾ ಎಡದಂಡೆ ಕಾಲುವೆಯ ಈ ನೆಲ ರಸ್ತೆಯ ಮೇಲೆ ನಿಂತವರಿಗೆ ಪೂರ್ತಿ ಸಮವಾಗಿ ಕಾಣುತ್ತದೆ. ಆದರೆ 10 ಮೀಟರಿಗೊಂದು ಗುರುತು ಹಾಕಿ, ಸ್ಟಾಫ್, ಅಂದರೆ ಅಂಕಿ ಬರೆದ ಅಳತೆಗೋಲು, ನಿಲ್ಲಿಸಿ ಲೆವೆಲ್ ಯಂತ್ರದಿಂದ ಓದುತ್ತ ಹೋದರೆ, ಒಂದೇ ಎಕರೆಯ ಎರಡು ಮೂಲೆಗಳ ನಡುವೆ 15 ಸೆಂಟಿಮೀಟರ್ ವ್ಯತ್ಯಾಸ ಸಿಗುವುದು ಅಪರೂಪವಲ್ಲ. ಗದ್ದೆಯಲ್ಲಿ ನಿಲ್ಲಿಸುವ ನೀರೇ ನಾಲ್ಕೈದು ಸೆಂಟಿಮೀಟರ್ ಇರುವಾಗ ಎತ್ತರದ ಮೂಲೆಯಲ್ಲಿ ಕಳೆ ಹಬ್ಬುತ್ತದೆ, ತಗ್ಗಿನಲ್ಲಿ ಎಳೆಯ ಸಸಿ ಮುಳುಗುತ್ತದೆ.

ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಬೆಂಚ್ ಮಾರ್ಕನ್ನು, ಅಂದರೆ ಎಲ್ಲ ಎತ್ತರಗಳನ್ನು ಹೋಲಿಸಿ ನೋಡುವ ಸ್ಥಿರ ಗುರುತನ್ನು, ನಾನು ಹೊಲದೊಳಗೆ ಇಡುವುದಿಲ್ಲ. ಹತ್ತಿರದಲ್ಲಿ ಬಂಡೆ ನೆಲದಿಂದ ಮೇಲೆದ್ದು ಕಾಣುತ್ತಿದ್ದರೆ ಅದರ ಮೇಲೆಯೇ ಗುರುತು ಮಾಡುತ್ತೇನೆ. ಬಿಸಿಲೇರಿದ ಮೇಲೆ ಗಾಳಿ ಅಲೆಯಾಡಿ ಸ್ಟಾಫಿನ ಅಂಕಿ ಕುಣಿಯುವುದರಿಂದ ಓದುವ ಕೆಲಸವನ್ನು ಬೆಳಿಗ್ಗೆಯೇ ಮುಗಿಸುತ್ತೇನೆ. ಇನ್ನೊಂದು ಪರೀಕ್ಷೆಗೆ ಯಾವ ಉಪಕರಣವೂ ಬೇಡ: ಕುಂಟೆ ಹೊಡೆದ ಹೊಲದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ನಿಂತರೆ, ಮಧ್ಯಾಹ್ನ ಕಾಣದಿದ್ದ ಪ್ರತಿಯೊಂದು ಉಬ್ಬೂ ತನ್ನ ನೆರಳಿನಿಂದ ಎದ್ದು ಕಾಣುತ್ತದೆ.

ಈ ನೆರಳಿನ ಪರೀಕ್ಷೆಯೇ ನನ್ನನ್ನು ಚಂದ್ರನ ಕಡೆಗೆ ಕರೆದೊಯ್ದಿತು. 6 ಇಂಚಿನ ದರ್ಪಣ ದೂರದರ್ಶಕದಲ್ಲಿ ಹುಣ್ಣಿಮೆಯ ದಿನ ಚಂದ್ರನ ಕಪ್ಪು ಬಯಲುಗಳು, ಅಂದರೆ ಹಳಬರು ಸಮುದ್ರವೆಂದು ಬಗೆದ ‘ಮೇರ್’ಗಳು, ಒಂದು ಗೀರೂ ಇಲ್ಲದ ನುಣುಪು ನೆಲದಂತೆ ತೋರುತ್ತವೆ. ಶುಕ್ಲ ಪಕ್ಷದ ಷಷ್ಠಿಯ ಆಸುಪಾಸಿನಲ್ಲಿ ಬೆಳಕು–ಕತ್ತಲೆಯ ಗೆರೆ ಮೇರ್ ಸೆರೆನಿಟಾಟಿಸ್ ಮೇಲೆ ಹಾಯುವಾಗ ಅದೇ ಬಯಲಿನ ಮೇಲೆ ಹಾವಿನ ಹಾಗೆ ಹೊರಳಿದ ಉದ್ದನೆಯ ಏಣು ಕಾಣಿಸಿಕೊಳ್ಳುತ್ತದೆ. ಡಾರ್ಸಾ ಸ್ಮಿರ್ನೋವ್ ಎಂಬ ಈ ಏಣು ಬಲು ತಗ್ಗಾದದ್ದು. ಆದರೂ ಅದು ನಮಗೆ ಕಾಣುವುದಕ್ಕೆ ಲೆಕ್ಕ ಸರಳವಾಗಿದೆ: ಸೂರ್ಯ ಅಲ್ಲಿನ ದಿಗಂತದಿಂದ 1 ಡಿಗ್ರಿ ಮಾತ್ರ ಮೇಲೇರಿದಾಗ 100 ಮೀಟರ್ ಎತ್ತರದ ಉಬ್ಬು ಸುಮಾರು 5.7 ಕಿಲೋಮೀಟರ್ ನೆರಳು ಚಾಚುತ್ತದೆ, ಗಾಳಿ ನೆಟ್ಟಗಿರುವ ರಾತ್ರಿ ನನ್ನ ದೂರದರ್ಶಕ 2 ಕಿಲೋಮೀಟರಿನಷ್ಟು ವಿವರವನ್ನು ಬಿಡಿಸಿ ತೋರಿಸುತ್ತದೆ. ಎರಡು ರಾತ್ರಿ ಕಳೆದರೆ ನೆರಳು ಕುಗ್ಗಿ ಏಣು ಮರೆಯಾಗುತ್ತದೆ. ಆದ್ದರಿಂದ ನೋಡಬಯಸುವವರು ತಿಥಿಯನ್ನು ಲೆಕ್ಕ ಹಾಕಿಯೇ ಕೂರಬೇಕು.

ಎರಡೂ ಕಡೆಯ ಬಯಲು ಹುಟ್ಟಿದ ಬಗೆ ಮಾತ್ರ ಬೇರೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಮ್ಮ ದೋಆಬ್ ಸವೆದು ಆದ ಬಯಲು. ಮಳೆ, ಬಿಸಿಲು, ಹೊಳೆ ಕೋಟ್ಯಂತರ ವರ್ಷ ತಿಂದು ಉಳಿಸಿದ ಗಟ್ಟಿ ಕಲ್ಲುಗಳೇ ಇಂದು ಆನೆಗೊಂದಿ ಮತ್ತು ಮಸ್ಕಿಯ ಗುಡ್ಡಗಳಾಗಿ ನಿಂತಿವೆ. ಚಂದ್ರನದು ತುಂಬಿ ಆದ ಬಯಲು: ಭಾರಿ ಹೊಡೆತಗಳಿಂದಾದ ತಗ್ಗುಗಳಿಗೆ ತೆಳ್ಳನೆಯ ಬಸಾಲ್ಟ್ ಲಾವಾ ಹರಿದು ನಿಂತು ಹೆಪ್ಪುಗಟ್ಟಿತು. ಅಪೊಲೊ ಯಾತ್ರಿಕರು ತಂದ ಅಂಥ ಕಲ್ಲುಗಳ ವಯಸ್ಸು ಬಹುಮಟ್ಟಿಗೆ 310ರಿಂದ 390 ಕೋಟಿ ವರ್ಷ. ಸವೆಸಲು ನೀರಾಗಲಿ ಗಾಳಿಯಾಗಲಿ ಇಲ್ಲದ್ದರಿಂದ, ಲಾವಾ ತಣಿದು ಕುಸಿದಾಗ ಮಡಿಚಿಕೊಂಡ ಏಣುಗಳು ಇನ್ನೂ ಹಾಗೆಯೇ ಇವೆ.

ಲೆವೆಲ್ ಹಿಡಿಯುವವನಾಗಿ ನನ್ನನ್ನು ಬಹಳ ಕಾಡುವುದು ವಕ್ರತೆಯ ಲೆಕ್ಕ. ಭೂಮಿಯ ದುಂಡಗಿನಿಂದಾಗಿ 1 ಕಿಲೋಮೀಟರ್ ದೂರದಲ್ಲಿ ನೆಲ ನಮ್ಮ ನೇರ ದೃಷ್ಟಿರೇಖೆಗಿಂತ ಸುಮಾರು 8 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಯಂತ್ರದ ಹಿಂದೆ ಮತ್ತು ಮುಂದೆ ಸ್ಟಾಫನ್ನು ಸಮದೂರದಲ್ಲಿ ನಿಲ್ಲಿಸಿ ಓದಿಕೊಂಡರೆ ಈ ದೋಷ ತಾನಾಗಿ ವಜಾ ಆಗುತ್ತದೆ. 1,737 ಕಿಲೋಮೀಟರ್ ತ್ರಿಜ್ಯದ ಚಂದ್ರನಲ್ಲಿ ಅದೇ ಇಳಿತ ಸುಮಾರು 29 ಸೆಂಟಿಮೀಟರ್. ಆ ಲೆಕ್ಕದಲ್ಲಿ, ನಮ್ಮ ಎತ್ತರದ ಮನುಷ್ಯನಿಗೆ ಅಲ್ಲಿನ ಬಯಲು ಎರಡೂವರೆ ಕಿಲೋಮೀಟರಿನೊಳಗೇ ದಿಗಂತ ಮುಟ್ಟುತ್ತದೆ. ಇಲ್ಲಿ ಅದು ಸುಮಾರು ಇಮ್ಮಡಿ ದೂರದಲ್ಲಿದೆ.