ಪಿಕಪ್ಪಿನ ಮುಂದಿನ ಸ್ಟ್ರಟ್‌ಗಳನ್ನು ಮನೆ ಅಂಗಳದಲ್ಲೇ ಬದಲಿಸಿದ್ದು

ಕಾರಟಗಿ ಕಡೆ ಭತ್ತದ ಸೀಮೆ. ನಮ್ಮ ಪಿಕಪ್ಪು, ಮಾರುತಿ ಸೂಪರ್ ಕ್ಯಾರಿ, ಸುಗ್ಗಿಯಲ್ಲಿ ಗದ್ದೆಯಿಂದ ರೈಸ್ ಮಿಲ್ಲಿಗೆ ಚೀಲ ಹೊರುತ್ತದೆ. ಉಳಿದ ದಿನ ಗಂಗಾವತಿ, ಸಿಂಧನೂರಿಗೆ ಗೊಬ್ಬರವೋ ಕಾಯಿಪಲ್ಲೆಯೋ, ಸಿಕ್ಕ ಬಾಡಿಗೆ. ಇಲ್ಲಿನದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲೆ ಹಾಕಿದ ಡಾಂಬರು ಅದರ ಜೊತೆಗೇ ಏರಿಳಿದು ಅಲೆ ಅಲೆಯಾಗುತ್ತದೆ. ಕಾಲುವೆ ದಂಡೆಯ ದಾರಿಯಂತೂ ಕೇಳಲೇಬೇಡಿ. ಆ ಪೆಟ್ಟೆಲ್ಲ ಮೊದಲು ಬೀಳುವುದು ಮುಂದಿನ ಗಾಲಿಗೆ.

ಈ ಗಾಡಿಗೆ ಹಿಂದೆ ಪ್ಲೇಟ್ ಸ್ಪ್ರಿಂಗ್, ಮುಂದೆ ಕಾರಿನ ಹಾಗೆ ಸ್ಟ್ರಟ್, ಅಂದರೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಕೂಡಿದ ಒಂದೇ ಕಂಬ. ಭಾರ ಹೊರುವುದು ಸುರುಳಿ ಸ್ಪ್ರಿಂಗ್. ಅದು ಕುಣಿಯದಂತೆ ಹಿಡಿಯುವುದು ಒಳಗಿನ ಶಾಕ್. ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ಆಯಿಲ್ ನುಗ್ಗುವಾಗ ಆಗುವ ತಡೆಯೇ ಅದರ ಶಕ್ತಿ. ಆಯಿಲ್ ಸೋರಿ ಹೋದರೆ ಹಿಡಿಯುವವರೇ ಇಲ್ಲ.

ನಮ್ಮದರಲ್ಲಿ ಬ್ರೇಕ್ ಒತ್ತಿದರೆ ಮೂತಿ ಜಾಸ್ತಿ ಬಗ್ಗುತ್ತಿತ್ತು. ಹಂಪ್ ಇಳಿಯುವಾಗ ಧಡ್ ಅನ್ನುತ್ತಿತ್ತು. ಟೈರಿನ ಮೇಲೆ ಅಂಗೈ ಸವರಿದರೆ ಸವೆತ ಒಂದೇ ಸಮ ಇರಲಿಲ್ಲ, ಅಲ್ಲಲ್ಲಿ ತಗ್ಗು ಸಿಗುತ್ತಿತ್ತು. ಬಗ್ಗಿ ನೋಡಿದರೆ ಎಡಗಡೆ ಸ್ಟ್ರಟ್ಟಿನ ಮೈ ಉದ್ದಕ್ಕೂ ಆಯಿಲ್ ಇಳಿದು, ಧೂಳು ಕೂತು ಕಪ್ಪು ಕೆಸರಾಗಿತ್ತು.

ಅಂಗಡಿಯಲ್ಲಿ, "ಒಂದ ಕಡೆ ಸೋರಾಕತ್ತೈತಿ ಅಂದ್ರ ಒಂದ ಸಾಕಲ್ರೀ ಅಣ್ಣಾರ?" ಅಂದರು. ನಾನು ಎರಡೂ ತಂದೆ. ಒಂದು ಹೊಸದು, ಒಂದು ದಣಿದದ್ದು ಇದ್ದರೆ ಜೋರಾಗಿ ಬ್ರೇಕ್ ಹಾಕಿದಾಗ, ತಿರುವಿನಲ್ಲಿ, ಎರಡೂ ಕಡೆ ಗಾಡಿ ಒಂದೇ ರೀತಿ ನಿಲ್ಲುವುದಿಲ್ಲ. ಹಿಂದೆ ಲೋಡ್ ಇರುವ ಗಾಡಿಗೆ ಇದು ಸಣ್ಣ ಮಾತಲ್ಲ. ಜೊತೆಗೆ ಮೇಲಿನ ಮೌಂಟಿಂಗ್, ಬೇರಿಂಗ್, ಬಂಪ್ ರಬ್ಬರ್, ಡಸ್ಟ್ ಕವರ್ ಕೂಡ ಹೊಸವೇ. ನಮ್ಮ ಕಡೆ ಧೂಳಿಗೆ ಡಸ್ಟ್ ಕವರ್ ಹರಿದದ್ದೇ ಹಾಕಿದರೆ ಆಯಿಲ್ ತಡೆಯುವ ಹೊಸ ಸೀಲ್ ಉಳಿಯುತ್ತಾ? ಧೂಳಿನ ಕಣ ಶಾಕಿನ ರಾಡಿನ ಕ್ರೋಮ್ ಗೀರಿದರೆ ಸಾಕು, ಆ ಗೀರು ಸೀಲನ್ನು ಕೊಯ್ಯುತ್ತಾ ಹೋಗುತ್ತದೆ. ಅದಕ್ಕೇ ರಾಡನ್ನು ಪಕ್ಕಡಿನಲ್ಲಿ ಹಿಡಿಯಲೇಬಾರದು.

ಹಿಂದಿನ ದಿನ ಸಂಜೆಯೇ ಬೋಲ್ಟ್‌ಗಳನ್ನು ಬ್ರಶ್ಶಿನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟೆ. ಬೆಳಿಗ್ಗೆ ಬಿಸಿಲೇರುವ ಮೊದಲು ಶುರು. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಗಾಲಿ ನಟ್ ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಜಾಕ್. ಅಂಗಳದಲ್ಲಿ ಪರಸಿ ಕಲ್ಲಿದ್ದರೆ ನೇರ ಅದರ ಮೇಲೆ ಸ್ಟ್ಯಾಂಡ್ ಇಡಬೇಡಿ. ಭಾರವೆಲ್ಲ ಒಂದೇ ಕಡೆ ಬಿದ್ದು ಕಲ್ಲು ಬಿರಿಯುತ್ತದೆ. ನಾನು ದಪ್ಪ ಹಲಗೆ ಹಾಕಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟೆ. ಇಟ್ಟಿಗೆ ಪೇರಿಸಿ ಅದರ ಮೇಲೆ ಗಾಡಿ ನಿಲ್ಲಿಸುವವರನ್ನು ನೋಡಿದ್ದೇನೆ, ಎದೆ ಝಲ್ ಅನ್ನುತ್ತದೆ.

ಬಿಚ್ಚುವುದು ಕಷ್ಟವಲ್ಲ. ಬ್ರೇಕ್ ಹೋಸನ್ನು ಸ್ಟ್ರಟ್ಟಿನ ಹಿಡಿಕೆಯಿಂದ ಬಿಡಿಸಬೇಕು. ಕೆಳಗೆ ಗಾಲಿ ಕೂರುವ ತುಂಡಾದ ನಕಲ್‌ಗೆ ಹಿಡಿದ ಎರಡು ಬೋಲ್ಟ್ ಎಲ್ಲಿ ಕೂತಿದ್ದವು ಅಂತ ಪೇಂಟಿನಿಂದ ಗುರುತು ಮಾಡಿಕೊಂಡೆ, ಗಾಲಿಯ ಓರೆ ತೀರ ಬದಲಾಗದಿರಲಿ ಅಂತ. ಬೋಲ್ಟ್ ತೆಗೆಯುವ ಮೊದಲು ನಕಲ್ಲನ್ನು ತಂತಿಯಿಂದ ಕಟ್ಟಿದೆ. ಇಲ್ಲದಿದ್ದರೆ ಅದು ಹೊರಗೆ ವಾಲಿ ಬ್ರೇಕ್ ಹೋಸ್ ಜಗ್ಗುತ್ತದೆ. ಈ ಗಾಡಿ ಓಡುವುದು ಹಿಂದಿನ ಗಾಲಿಯಿಂದ, ಹಾಗಾಗಿ ಮುಂದೆ ಡ್ರೈವ್ ಶಾಫ್ಟಿನ ಚಿಂತೆ ಇಲ್ಲ. ಕೊನೆಗೆ ಸ್ಟ್ರಟ್ಟನ್ನು ಗಾಡಿಯ ಮೈಗೆ ಹಿಡಿದ ಮೇಲಿನ ಮೌಂಟಿಂಗ್ ನಟ್‌ಗಳು, ನಡುವಿನ ದೊಡ್ಡದಲ್ಲ. ಒಂದು ಕೈಯಲ್ಲಿ ಸ್ಟ್ರಟ್ ಹಿಡಿದೇ ಬಿಚ್ಚಬೇಕು, ದಪ್ಪನೆ ಬೀಳುತ್ತದೆ.

ಇಲ್ಲಿಗೆ ನನ್ನ ಮನೆ ಕೆಲಸ ನಿಂತಿತು. ಹಳೆಯ ಶಾಕಿನಿಂದ ಸ್ಪ್ರಿಂಗ್ ಬೇರೆ ಮಾಡಲು ರಾಡಿನ ತುದಿಯ ಆ ನಡುವಿನ ದೊಡ್ಡ ನಟ್ ಹಾಗೇ ಬಿಚ್ಚಿದರೆ ಅದುಮಿಟ್ಟ ಸ್ಪ್ರಿಂಗ್ ಗುಂಡಿನ ಹಾಗೆ ಹಾರುತ್ತದೆ. ಕೈ, ಮುಖ, ಜೀವ ಯಾವುದನ್ನೂ ನೋಡುವುದಿಲ್ಲ. ತಂತಿ ಸುತ್ತಿ, ಹಗ್ಗ ಬಿಗಿದು ಬಿಚ್ಚಲು ಹೋಗಬೇಡಿ. ನಾನು ಎರಡನ್ನೂ ಬೈಕಿಗೆ ಕಟ್ಟಿಕೊಂಡು ಗಂಗಾವತಿಯಲ್ಲಿ ಸ್ಪ್ರಿಂಗ್ ಪ್ರೆಸ್ ಇರುವ ಗ್ಯಾರೇಜಿಗೆ ಒಯ್ದೆ. ದುಡ್ಡು ಉಳಿಸುವ ಜಾಗ ಇದಲ್ಲ.

ಅಲ್ಲಿ ಪಕ್ಕದಲ್ಲೇ ನಿಂತು ನೋಡಿದೆ. ಹೊಸ ಶಾಕನ್ನು ಅಂಗಡಿಯಲ್ಲಿ ಮಲಗಿಸಿಟ್ಟಿರುತ್ತಾರೆ, ಒಳಗೆ ಗಾಳಿ ಸೇರಿರುತ್ತದೆ. ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದರೆ ಅದು ಬಿಡುತ್ತದೆ. ಸ್ಪ್ರಿಂಗಿನ ಕೆಳತುದಿ ಅದು ಕೂರುವ ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂತಿದೆಯಾ ಅಂತ ಬೆರಳಿಟ್ಟು ನೋಡಿದೆ. ನಡುವಿನ ನಟ್ ಪೂರ್ತಿ ಬಿಗಿದ ಮೇಲೆಯೇ ಪ್ರೆಸ್ ಸಡಿಲಿಸಿದರು.

ಮನೆಗೆ ಬಂದು ಕೂಡಿಸುವಾಗ ಮೊದಲು ಮೇಲಿನ ನಟ್‌ಗಳನ್ನು ಕೈಯಲ್ಲೇ ತಿರುಗಿಸಿದೆ. ಆಮೇಲೆ ಕೆಳಗಿನ ಬೋಲ್ಟ್, ಪೇಂಟಿನ ಗುರುತಿಗೆ. ಎಲ್ಲ ಕೂತ ಮೇಲೆ ಬಿಗಿತ ಅಳೆಯುವ ಟಾರ್ಕ್ ರೆಂಚ್, ಕಂಪನಿ ಕೊಟ್ಟ ಅಳತೆಗೆ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಬ್ರೇಕ್ ಹೋಸ್ ಎಲ್ಲೂ ಉಜ್ಜುವುದಿಲ್ಲ ಅಂತ ನೋಡಿಕೊಂಡೆ.

ಗುರುತಿಗೆ ಕೂಡಿಸಿದರೂ ಅಲೈನ್‌ಮೆಂಟ್ ತಪ್ಪಿಸಬೇಡಿ. ಬೋಲ್ಟ್ ತೂತಿನಲ್ಲಿ ಕೂದಲೆಳೆ ಸರಿದರೂ ಟೈರ್ ಒಂದು ಪಕ್ಕ ತಿನ್ನುತ್ತದೆ. ಕೆಲವು ದಿನ ಓಡಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ನೋಡಿದೆ. ಹಳೆಯ ಸ್ಟ್ರಟ್‌ಗಳನ್ನು ಗುಜರಿಗೆ ಹಾಕುವಾಗ, "ಒಳಗ ಗ್ಯಾಸ್ ಇರತೈತಿ ತಮ್ಮಾ, ಕಟರ್ ಹಚ್ಚಬ್ಯಾಡ" ಅಂತ ಹುಡುಗನಿಗೆ ಹೇಳಿ ಕೊಟ್ಟೆ.